ಬೇಕಲ ನೋಡಿ ಹಿಂದೆ ಹೋಗುವವರು ಒಂದು ರಾತ್ರಿ ನಮ್ಮ ಕಡೆ ನಿಲ್ಲಲಿ

ಸಂಪಾದಕರಿಗೆ ನಮಸ್ಕಾರ,

ಕಾಸರಗೋಡಿನ ಟೂರಿಸಂ ಬಗ್ಗೆ ಪೇಪರಲ್ಲಿ ಆಗಾಗ ಬರ್ತಾ ಇರ್ತದೆ, ಓದುವಾಗ ಖುಷಿ ಆಗ್ತದೆ, ಆದ್ರೆ ಬಂದದ್ದೆಲ್ಲ ಬೇಕಲ ಕೋಟೆ, ಬೀಚು, ರೆಸಾರ್ಟು ಇಷ್ಟಕ್ಕೇ ಮುಗಿತದೆ. ನಾನು ಪೆರ್ಲ ಕಡೆಯ ಅಡಿಕೆ ತೋಟದ ಮನೆಯವಳು, ನಮ್ಮ ಪೂರ್ವ ಬದಿಯ ಹಳ್ಳಿಗಳ ಪರವಾಗಿ ಒಂದು ವಿಷಯ ಹೇಳ್ಲಿಕ್ಕೆ ಉಂಟು, ಅದಕ್ಕೆ ಈ ಪತ್ರ. ಸ್ವಲ್ಪ ಉದ್ದ ಆದೀತು, ಜಾಗ ಇದ್ರೆ ಪೂರ್ತಿ ಹಾಕಿ.

ತಲಪಾಡಿಯಿಂದ ಚೆಂಗಳದವರೆಗೆ ಹೈವೇ ಆರು ಲೇನ್ ಆದ ಮೇಲೆ ಮಂಗಳೂರಿಂದ ಈ ಕಡೆ ಬರುದು ತುಂಬಾ ಸುಲಭ ಆಗಿದೆ. ಬೆಳಿಗ್ಗೆ ಹೊರಟವರು ಅನಂತಪುರದ ಕೆರೆ ದೇವಸ್ಥಾನ ನೋಡಿ, ಮಧೂರಲ್ಲಿ ಗಣಪತಿಗೆ ಕೈಮುಗಿದು, ಸಂಜೆ ಬೇಕಲದಲ್ಲಿ ಸೂರ್ಯ ಮುಳುಗುವ ಫೋಟೋ ತೆಗೆದು ರಾತ್ರಿ ಊಟಕ್ಕೆ ಮಂಗಳೂರಲ್ಲಿ ಇರ್ತಾರೆ. ಬಂದವರು ಬಂದ ಹಾಗೆಯೇ ಹೋದ್ರು, ಕಾಸರಗೋಡು ಅಂದ್ರೆ ಒಂದು ಕೋಟೆ ಎರಡು ದೇವಸ್ಥಾನ ಅಂತ ಮನಸ್ಸಲ್ಲಿ ಇಟ್ಟುಕೊಂಡು ಹೋದ್ರು, ಹೈವೇಯಿಂದ ಒಂದು ಗಂಟೆ ಒಳಗೆ ಬಂದ್ರೆ ಎಂತ ಉಂಟು ಅಂತ ಅವರಿಗೆ ಯಾರೂ ಹೇಳ್ಲೇ ಇಲ್ಲ. ನನ್ನ ಕೋರಿಕೆ ಇಷ್ಟೇ, ಈ ಕೋಟೆಗಳನ್ನೂ ನಮ್ಮ ತೋಟಗಳನ್ನೂ ಸೇರಿಸಿ ಒಂದು ದಾರಿ ಮಾಡಿ, ಬಂದವರು ಒಂದು ರಾತ್ರಿ ಹಳ್ಳಿ ಮನೆಯಲ್ಲಿ ನಿಲ್ಲುವ ಹಾಗೆ ಮಾಡಿ.

ಕೋಟೆಗೂ ತೋಟಕ್ಕೂ ಎಂತ ಸಂಬಂಧ ಅಂತ ಕೇಳ್ಬಹುದು. ಸಂಬಂಧ ಉಂಟು. ಬೇಕಲ ಕೋಟೆ ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ, 1650ರ ಸುಮಾರಿಗೆ. ಅಂದಾಜು 40 ಎಕ್ರೆ ಜಾಗ, ಕಡಲಿಗೆ ಮುಖ ಮಾಡಿದ ಗೋಡೆಯಲ್ಲಿ ಕೋವಿ ಇಡುವ ಕಂಡಿಗಳು, ಒಳಗೆ ಮೆಟ್ಟಿಲಿಳಿದು ಹೋಗುವ ಕೆರೆ, ಮದ್ದಿನ ಮನೆ, ನಡುವಲ್ಲಿ ಎತ್ತರದ ಕಾವಲು ಬುರುಜು. 1763ರಲ್ಲಿ ಕೆಳದಿ ನಾಯಕರ ರಾಜಧಾನಿ ಬಿದನೂರು ಹೈದರಾಲಿ ಕೈಗೆ ಹೋದಾಗ ಈ ಕಡೆಯೂ ಅವನ ಕೈಗೆ ಹೋಯ್ತು, 1799ರಲ್ಲಿ ಟಿಪ್ಪು ಸತ್ತ ಮೇಲೆ ಈಸ್ಟ್ ಇಂಡಿಯಾ ಕಂಪೆನಿಗೆ, ಮತ್ತೆ ಒಂದು ಕಾಲದಲ್ಲಿ ಬೇಕಲವೇ ತಾಲೂಕು ಕೇಂದ್ರ ಆಗಿತ್ತು. ಈ ನಾಯಕರ ರಾಜ್ಯಕ್ಕೆ ದುಡ್ಡು ಎಲ್ಲಿಂದ ಬರ್ತಿತ್ತು? ಕಾಳುಮೆಣಸಿಂದ, ಅಕ್ಕಿಯಿಂದ, ಅಡಿಕೆಯಿಂದ. ಘಟ್ಟದ ಮೇಲೆ ಅಡಿಕೆ ತೋಟವನ್ನು ಕೋಲು ಹಿಡಿದು ಅಳೆಸಿ ಇಷ್ಟಕ್ಕೆ ಇಷ್ಟು ಕಂದಾಯ ಅಂತ ಕಟ್ಟಿದ ‘ಶಿವಪ್ಪ ನಾಯಕನ ಶಿಸ್ತು’ ಇವತ್ತಿಗೂ ಇತಿಹಾಸದ ಪಾಠದಲ್ಲಿ ಉಂಟು. ಕರಾವಳಿಯ ಬಂದರುಗಳಿಂದ ಮೆಣಸು, ಅಕ್ಕಿ ಕಡಲು ದಾಟಿ ಹೋಗ್ತಿತ್ತು, ಆ ಬಂದರು, ಆ ಹೊಳೆಬಾಯಿ ಕಾಯ್ಲಿಕ್ಕೆ ಕೋಟೆ ಬೇಕಿತ್ತು. ಅಂದ್ರೆ ತೋಟ ಇದ್ದದ್ದಕ್ಕೇ ಕೋಟೆ ಬಂದದ್ದು. ಬೇಕಲದ ಗೋಡೆ ಮೇಲೆ ನಿಂತು ಕಡಲು ಮಾತ್ರ ನೋಡಿದವರಿಗೆ ಅರ್ಧ ಕಥೆ ಸಿಕ್ಕಿತು, ಉಳಿದ ಅರ್ಧ ಬೆನ್ನ ಹಿಂದೆ ಪೂರ್ವಕ್ಕೆ ಉಂಟು.

ಮತ್ತೆ ಬೇಕಲ ಒಂದೇ ಅಲ್ಲ. ಚಂದ್ರಗಿರಿ ಹೊಳೆಯ ತೆಂಕು ದಡದಲ್ಲಿ ಗುಡ್ಡದ ಮೇಲೆ ಚಂದ್ರಗಿರಿ ಕೋಟೆ ಉಂಟು, ಅದೂ ಶಿವಪ್ಪ ನಾಯಕನದ್ದೇ. ಅಲ್ಲಿಂದ ಕೆಳಗೆ ಹೊಳೆ ಕಡಲಿಗೆ ಸೇರುದು, ರೈಲ್ವೆ ಸೇತುವೆ, ತೆಂಗಿನ ತೋಟ ಎಲ್ಲ ಒಟ್ಟಿಗೆ ಕಾಣ್ತದೆ, ನನ್ನನ್ನು ಕೇಳಿದ್ರೆ ಸಂಜೆ ಹೊತ್ತಿಗೆ ಬೇಕಲಕ್ಕಿಂತಲೂ ಚಂದ. ಕುಂಬಳೆ ಹತ್ರ ಆರಿಕ್ಕಾಡಿ ಕೋಟೆ ಹೈವೇ ಬದಿಯಲ್ಲೇ ಉಂಟು, ದಿನಾ ಸಾವಿರಾರು ಗಾಡಿ ಅದರ ಎದುರಿಂದಲೇ ಹೋಗ್ತದೆ, ನಿಲ್ಲಿಸುವವರು ಇಲ್ಲ. ಆ ಕೋಟೆಯ ಬಾವಿಯಲ್ಲಿ ನಿಧಿ ಹುಡುಕ್ಲಿಕ್ಕೆ ಅಗೆದು ಸಿಕ್ಕಿಬಿದ್ದವರ ಸುದ್ದಿ 2025ರ ಜನವರಿಯಲ್ಲಿ ಎಲ್ಲ ಪೇಪರಲ್ಲಿ ಬಂದಿತ್ತು, ಅದನ್ನು ಓದಿ ನನಗೆ ನಿಜಕ್ಕೂ ಬೇಜಾರಾಯ್ತು, ಯಾಕಂದ್ರೆ ಜನ ಬಂದು ಹೋಗುವ ಜಾಗದಲ್ಲಿ ಹಾಗೆ ಅಗೆಯುವ ಧೈರ್ಯ ಯಾರಿಗೂ ಬರ್ಲಿಕ್ಕಿಲ್ಲ, ಬಿಟ್ಟು ಹಾಕಿದ್ರಿಂದಲೇ ಬಂದದ್ದು. ಬೋವಿಕ್ಕಾನದ ಹತ್ರ ಪೊವ್ವಲ್ ಕೋಟೆ ಉಂಟು, ಕಾಞಂಗಾಡಿನ ಹೊಸದುರ್ಗ ಕೋಟೆ ಉಂಟು. ಇಲ್ಲೆಲ್ಲ ಕಾಡು ಕಡಿಯುದು, ಒಂದು ಬೋರ್ಡು, ಕುಡಿಯುವ ನೀರು, ಒಂದು ಟಾಯ್ಲೆಟ್, ಇಷ್ಟು ಮಾಡಿದ್ರೆ ಸಾಕು, ಲೈಟು ಸೌಂಡು ಶೋ ಏನೂ ಬೇಡ. ಆ ಬೋರ್ಡು ಮಲಯಾಳ, ಇಂಗ್ಲಿಷಿನ ಒಟ್ಟಿಗೆ ಕನ್ನಡದಲ್ಲೂ ಇರ್ಬೇಕು. ಮಂಗಳೂರು, ಪುತ್ತೂರು, ಶಿವಮೊಗ್ಗ ಕಡೆಯಿಂದ ಬರುವವರು ಓದುದು ಕನ್ನಡ, ಕೋಟೆ ಕಟ್ಟಿಸಿದವರೂ ಕನ್ನಡದ ಅರಸರೇ, 1956ರ ವರೆಗೆ ಈ ಊರು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದದ್ದು. ಇದರಲ್ಲಿ ಜಗಳ ಮಾಡುವಂಥದ್ದು ಎಂತ ಇಲ್ಲ, ಬೋರ್ಡಲ್ಲಿ ಇನ್ನು ನಾಲ್ಕು ಸಾಲು ಜಾಸ್ತಿ ಬರೆಯುದು ಅಷ್ಟೇ.

ಇನ್ನು ಒಳಗಿನ ದಾರಿ. ಚೆರ್ಕಳದಿಂದ ಕಲ್ಲಡ್ಕಕ್ಕೆ ಹೋಗುವ ರಸ್ತೆ ಉಂಟಲ್ಲ, ಎಡನೀರು, ಬದಿಯಡ್ಕ, ಪೆರ್ಲ, ಅಡ್ಕಸ್ಥಳ ಆಗಿ, ಅದನ್ನು ಹಿಡಿದ್ರೆ ಸಾಕು. ಎಡನೀರು ಮಠ ಸಿಗ್ತದೆ. ಕೇಶವಾನಂದ ಭಾರತಿ ಸ್ವಾಮಿಗಳು ಮಠದ ಭೂಮಿಗಾಗಿ ಹಾಕಿದ ಕೇಸಿನಲ್ಲೇ 1973ರ ಏಪ್ರಿಲ್ 24ಕ್ಕೆ ಸುಪ್ರೀಂ ಕೋರ್ಟಿನ 13 ಜಡ್ಜುಗಳ ಪೀಠ ತೀರ್ಪು ಕೊಟ್ಟದ್ದು, ಸಂವಿಧಾನದ ಮೂಲ ಸ್ವರೂಪ ಪಾರ್ಲಿಮೆಂಟಿಗೂ ಬದಲು ಮಾಡ್ಲಿಕ್ಕೆ ಆಗುದಿಲ್ಲ ಅಂತ. ಲಾ ಓದುವ ಮಕ್ಕಳೆಲ್ಲ ಆ ಹೆಸರು ಕೇಳಿರ್ತಾರೆ, ಆ ಮಠ ಕಾಸರಗೋಡು ಪೇಟೆಯಿಂದ ಇಷ್ಟು ಹತ್ರ ಅಂತ ಎಷ್ಟು ಜನರಿಗೆ ಗೊತ್ತು? ಅದೇ ಸ್ವಾಮಿಗಳು ಸಂಗೀತ, ಯಕ್ಷಗಾನದಲ್ಲೂ ಅಷ್ಟೇ ಹೆಸರು ಮಾಡಿದವರು. ಮುಂದೆ ಬದಿಯಡ್ಕದ ಪೆರಡಾಲದಲ್ಲಿ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಮನೆ, ನಮ್ಮ ಎಣ್ಮಕಜೆ ಪಂಚಾಯತಲ್ಲೇ ತಾಳಮದ್ದಳೆಯ ಶೇಣಿ ಗೋಪಾಲಕೃಷ್ಣ ಭಟ್ಟರ ಶೇಣಿ, ಆ ಕಡೆ ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು, ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ. ಹೇಳ್ತಾ ಹೋದ್ರೆ ಮುಗಿಲಿಕ್ಕಿಲ್ಲ, ಬಿಡಿ.

ನನಗೆ ಮುಖ್ಯವಾಗಿ ಹೇಳ್ಬೇಕಾದ್ದು ಸುರಂಗದ ವಿಷಯ.

ಹೊರಗಿನವರಿಗೆ ಸುರಂಗ ಅಂದ್ರೆ ರೈಲು ಹೋಗುದು ನೆನಪಾಗ್ತದೆ. ನಮ್ಮಲ್ಲಿ ಸುರಂಗ ಅಂದ್ರೆ ನೀರು. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬಂದ್ರೂ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡ ಆದ ಕಾರಣ ನೀರು ನಿಲ್ಲುದಿಲ್ಲ, ಇಳಿದು ಹೋಗ್ತದೆ, ಏಪ್ರಿಲ್ ಮೇ ತಿಂಗಳಲ್ಲಿ ಬಾವಿ ತಳ ಕಾಣ್ತದೆ. ಅದಕ್ಕೆ ನಮ್ಮ ಹಿರಿಯರು ಬಾವಿ ಕೆಳಗೆ ತೋಡುವ ಬದಲು ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ತೋಡಿದ್ರು. ಒಬ್ಬ ಮನುಷ್ಯ ಒಳಗೆ ಹೋಗಿ ಬರುವಷ್ಟೇ ಅಗಲ, ಎತ್ತರವೂ ಅಷ್ಟೇ, ಒಬ್ಬ ಪಿಕ್ಕಾಸಲ್ಲಿ ಕಡಿಯುದು, ಇನ್ನೊಬ್ಬ ಮಣ್ಣು ಎಳೆದು ಹೊರಗೆ ಹಾಕುದು. ಒಳಗೆ ಗಾಳಿ ಉಂಟಾ ಇಲ್ವಾ ಅಂತ ನೋಡ್ಲಿಕ್ಕೆ ಕ್ಯಾಂಡಲ್ ಹೊತ್ತಿಸಿ ಇಡುದು, ದೀಪ ಮಂಕಾದ್ರೆ ಹೊರಗೆ ಬರ್ಬೇಕು. ತುಂಬಾ ಉದ್ದ ಆದ್ರೆ ಮೇಲಿಂದ ಗಾಳಿಗೆ ಒಂದು ಗುಂಡಿ ಇಳಿಸುದು. ಎಲ್ಲಿ ತೋಡಿದ್ರೆ ನೀರು ಸಿಗ್ತದೆ ಅಂತ ಗುಡ್ಡದಲ್ಲಿ ಬೆಳೆದ ಮರ ಗಿಡ ನೋಡಿ, ಮಣ್ಣು ನೋಡಿ ಹೇಳುವವರು ಇದ್ರು. ನೀರು ಸಿಕ್ಕಿದ್ರೆ ಮತ್ತೆ ಪಂಪೂ ಬೇಡ ಕರೆಂಟೂ ಬೇಡ, ತನ್ನಿಂದ ತಾನೇ ಹರಿದು ಬರ್ತದೆ, ಹಿಂದೆ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ, ಈಗ ಪೈಪಲ್ಲಿ, ಕೆರೆಗೆ ಬಿಟ್ಟು ಅಲ್ಲಿಂದ ತೋಟಕ್ಕೆ. ಬಾಯಾರು, ಪಡ್ರೆ, ಶೇಣಿ ಕಡೆ ಒಂದೊಂದು ಮನೆಗೆ ಒಂದಕ್ಕಿಂತ ಜಾಸ್ತಿ ಸುರಂಗ ಇದ್ದದ್ದು ಉಂಟು. ಅಡ್ಕಸ್ಥಳ ದಾಟಿದ್ರೆ ಸಿಗುವ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ, ನೀರು ಸಿಗದಿದ್ರೂ ಬಿಡದೆ ಒಂದರ ಮೇಲೊಂದು ಸುರಂಗ ತೋಡಿ, ಕೊನೆಗೆ ನೀರು ಬರಿಸಿ ತೋಟ ಮಾಡಿದವರು, 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಂಥವರ ಕೆಲಸ ಇದು.

ಈಗ ಎಂತ ಆಗಿದೆ ಅಂದ್ರೆ ಬೋರ್‌ವೆಲ್ ಬಂದು ಸುರಂಗ ಬೇಡ ಆಗಿದೆ. ಗುಡ್ಡದ ಮೇಲೆ ಬೋರ್ ಕೊರೆದ್ರೆ ಕೆಳಗಿನ ಮನೆಯ ಸುರಂಗ ಬತ್ತಿ ಹೋಗ್ತದೆ ಅಂತ ನಮ್ಮ ಕಡೆ ಎಲ್ಲರೂ ಹೇಳ್ತಾರೆ. ಬತ್ತಿದ್ದಕ್ಕೆ ಮಣ್ಣು ಜರಿದು ಬಾಯಿ ಮುಚ್ಚಿ ಹೋಗ್ತದೆ, ತೋಡುವವರ ಮಕ್ಕಳು ಆ ಕೆಲಸಕ್ಕೆ ಬರುದಿಲ್ಲ, ಬರ್ಲೇಬೇಕು ಅಂತ ಹೇಳ್ಲಿಕ್ಕೆ ನಮಗೆ ಹಕ್ಕೂ ಇಲ್ಲ, ಜೀವಕ್ಕೆ ಅಪಾಯದ ಕೆಲಸ ಅದು. ಆದ್ರೆ ಇರುವ ಸುರಂಗವನ್ನು ಉಳಿಸ್ಲಿಕ್ಕೆ ಒಂದು ಕಾರಣ ಬೇಕಲ್ವಾ, ಸಂಪಾದಕರೇ? ಪರಂಪರೆ ಪರಂಪರೆ ಅಂತ ಭಾಷಣ ಮಾಡಿದ್ರೆ ಯಾವ ಕೃಷಿಕನೂ ಕೈಯಿಂದ ದುಡ್ಡು ಹಾಕಿ ಸುರಂಗ ರಿಪೇರಿ ಮಾಡ್ಲಿಕ್ಕಿಲ್ಲ, ಮಾಡ್ಲಿಕ್ಕೆ ಅವನ ಹತ್ರ ಇಲ್ಲ. ಅದನ್ನು ನೋಡ್ಲಿಕ್ಕೆ ಬರುವವರು ಉಂಟು, ಅವರು ಕೊಡುವ ದುಡ್ಡಲ್ಲಿ ವರ್ಷಕ್ಕೊಮ್ಮೆ ಕೆಸರು ತೆಗೆಸ್ಬಹುದು ಅಂತಾದ್ರೆ ಮಾತು ಬೇರೆ. ಕೃಷಿ ಟೂರಿಸಂ ಅಂತ ನಾನು ಹೇಳುದು ಇದನ್ನೇ, ಈಜುಕೊಳವೂ ಗುಡಿಸಲು ಮಾದರಿಯ ಕಾಟೇಜೂ ಅಲ್ಲ.

ಸುರಂಗದ ಹಾಗೆಯೇ ಕಟ್ಟ. ಮಳೆ ಮುಗಿದು ನವೆಂಬರ್ ಡಿಸೆಂಬರಿಗೆ ತೋಡಿಗೆ, ಅಂದ್ರೆ ಸಣ್ಣ ಹೊಳೆಗೆ, ಅಡ್ಡ ಕಲ್ಲು ಮಣ್ಣು ಹಾಕಿ ನೀರು ನಿಲ್ಲಿಸುದು, ಊರವರು ಸೇರಿಯೇ ಮಾಡ್ಬೇಕಾದ ಕೆಲಸ, ಏತಡ್ಕದ ಕಟ್ಟಗಳು ಇದಕ್ಕೇ ಹೆಸರಾದದ್ದು. ಆ ಸಮಯಕ್ಕೆ ಪೇಟೆಯ ಶಾಲೆ ಮಕ್ಕಳು ಬಂದು ಒಂದು ದಿನ ಕಲ್ಲು ಹೊತ್ತು ಕೊಟ್ರೆ ಅವರಿಗೂ ಖುಷಿ, ನಮಗೂ ಕೈ ಸಹಾಯ. ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿಯವರು 650ಕ್ಕೂ ಮಿಕ್ಕಿ ಭತ್ತದ ತಳಿ ಉಳಿಸಿದವರು, ಅದೂ ಅಗಲ ಗದ್ದೆ ಇಟ್ಟುಕೊಂಡಲ್ಲ, ಮನೆ ಹತ್ರ ಚೀಲಗಳಲ್ಲಿ ಬೆಳೆಸಿ, 2024ರಲ್ಲಿ ಅವರಿಗೂ ಪದ್ಮಶ್ರೀ ಸಿಕ್ಕಿತು. ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಕಾಸರಗೋಡಲ್ಲೇ ಉಂಟು, 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಆಗಿ ಶುರು ಆದದ್ದು, ನೂರು ವರ್ಷ ದಾಟಿದೆ. ಕಾಸರಗೋಡು ಗಿಡ್ಡ ದನ ಉಂಟು, ಗುಡ್ಡದಲ್ಲಿ ತಾನೇ ಮೇಯ್ದು ಬದುಕುವಂಥದ್ದು. ಇಷ್ಟೆಲ್ಲ ಇಟ್ಟುಕೊಂಡು ನಾವು ಬಂದವರಿಗೆ ಬೀಚು ಮಾತ್ರ ತೋರಿಸಿ ಕಳಿಸ್ತೇವೆ.

ಯಾವ ತಿಂಗಳು ಬಂದ್ರೆ ಎಂತ ಸಿಗ್ತದೆ ಅಂತ ಹೇಳುದೂ ಮುಖ್ಯ. ತೋಟ ಅಂದ್ರೆ ಕೋಟೆ ಹಾಗೆ ಯಾವಾಗ ಬಂದ್ರೂ ಒಂದೇ ರೀತಿ ಇರುದಿಲ್ಲ. ಜೂನಿಂದ ಮಳೆ, ಆಗ ಕೊಳೆರೋಗಕ್ಕೆ ಮೈಲುತುತ್ತು ಸುಣ್ಣದ ಮದ್ದು ಬಿಡುವ ಗಡಿಬಿಡಿ, ಅಡಿಕೆ ಮರ ಹತ್ತುವ ಕೊನೆಗಾರರು ಒಂದು ಮರದ ತಲೆಯಿಂದ ಇನ್ನೊಂದಕ್ಕೆ ಹಾಯುದನ್ನು ನೋಡಿದವರು ಮರೆಯುದಿಲ್ಲ, ಆದ್ರೆ ಮದ್ದು ಬಿಡುವಾಗ ಮಕ್ಕಳನ್ನು ತೋಟಕ್ಕೆ ಬಿಡ್ಬಾರದು ಅಂತ ಮೊದಲೇ ಹೇಳ್ಬೇಕು. ಈಗ ಕೊನೆಗಾರರು ಸಿಗುದೇ ಕಷ್ಟ, ಕಾರ್ಬನ್ ಫೈಬರಿನ ಉದ್ದ ಕೋಲು, ದೋಟಿ ಬಂದಿದೆ, ಅದರಲ್ಲಿ ನೆಲದಲ್ಲೇ ನಿಂತು ಮದ್ದು ಬಿಡ್ತಾರೆ, ಕೊಯ್ತಾರೆ, ಅದೂ ನೋಡುವಂಥದ್ದೇ. ಚಳಿಗಾಲದಲ್ಲಿ ಅಂಗಳ ಇಡೀ ಅಡಿಕೆ, ಏಪ್ರಿಲ್ ಮೇ ಹಲಸಿನ ಕಾಲ, ಗುಜ್ಜೆ ಪಲ್ಯದಿಂದ ಶುರು ಆದ್ರೆ ಹಪ್ಪಳ, ಸೋಂಟೆ, ಉಪ್ಪಲ್ಲಿ ಹಾಕಿಟ್ಟ ಸೊಳೆ, ಹಣ್ಣಿನ ಕಡುಬು. ಮಳೆಗಾಲಕ್ಕೆ ಪತ್ರೊಡೆ. ರಾತ್ರಿ ಹತ್ರ ಎಲ್ಲಾದ್ರೂ ಯಕ್ಷಗಾನ ಇದ್ರೆ ಇನ್ನೂ ಒಳ್ಳೆದು, ನವೆಂಬರಿಂದ ಮೇ ತನಕ ಎಲ್ಲೋ ಒಂದು ಕಡೆ ಇದ್ದೇ ಇರ್ತದೆ.

ಈಗ ಹೆಂಗಸರ ಮಾತು, ಇದನ್ನು ನಾನಲ್ಲದೆ ಇನ್ಯಾರು ಹೇಳಿಯಾರು. ಹೋಂಸ್ಟೇ ಅಂತ ಗಂಡಸರು ಹೇಳುವಾಗ ರೂಮಿನ ಬಾಡಿಗೆ ಲೆಕ್ಕ ಹಾಕ್ತಾರೆ. ಆದ್ರೆ ಬೆಳಿಗ್ಗೆ ಐದಕ್ಕೆ ಎದ್ದು ಆರು ಜನಕ್ಕೆ ಜಾಸ್ತಿ ದೋಸೆ ಹೊಯ್ಯುದು, ಬೆಡ್‌ಶೀಟ್ ಒಗೆಯುದು, ಬಾತ್ರೂಮ್ ತೊಳೆಯುದು, ದನದ ಕೆಲಸ, ಅಡಿಕೆ ಸುಲಿಯುದು ಇದ್ದದ್ದರ ಮೇಲೆ ಇದೂ, ಎಲ್ಲ ಮನೆ ಹೆಂಗಸಿನ ತಲೆಗೆ. ಹಾಗಾದ್ರೆ ಇದು ಎರಡು ವರ್ಷ ನಡೆದು ನಿಂತು ಹೋಗ್ತದೆ, ಖಂಡಿತ. ಅದಕ್ಕೆ ಊಟದ ಕೆಲಸವನ್ನು ಊರಿನ ಹೆಂಗಸರ ಸ್ವಸಹಾಯ ಸಂಘ ಕುಟುಂಬಶ್ರೀ ಗುಂಪಿಗೆ ಕೊಡಿ, ನಾಲ್ಕು ಮನೆಗೆ ಒಂದೇ ಕಡೆ ಅಡುಗೆ ಆಗ್ಲಿ, ಆ ದುಡ್ಡು ಆ ಹೆಂಗಸರ ಹೆಸರಲ್ಲೇ ಬ್ಯಾಂಕಿಗೆ ಹೋಗ್ಲಿ. ರೂಮು ಕೊಡುವ ಮನೆ ಬೇರೆ, ತೋಟ ತೋರಿಸುವವರು ಬೇರೆ, ಜೀಪು ಓಡಿಸುವವರು ಬೇರೆ ಇರ್ಲಿ. ದೊಡ್ಡ ತೋಟ ಇಲ್ಲದವರಿಗೂ, ಸುರಂಗ ತೋಡಿ ಬದುಕಿದವರ ಮನೆಯವರಿಗೂ, ಅಡಿಕೆ ಹಾಳೆಯಲ್ಲಿ ಮುಟ್ಟಾಳೆ (ಟೊಪ್ಪಿ) ಮಾಡುವ ಅಜ್ಜನಿಗೂ ಇದರಲ್ಲಿ ಪಾಲು ಬರ್ಬೇಕು, ಇಲ್ಲದಿದ್ರೆ ಇದು ನಾಲ್ಕು ಅನುಕೂಲಸ್ಥರ ಮನೆ ಬಿಸಿನೆಸ್ ಆಗ್ತದೆ, ಊರಿಗೆ ಸಿಗುದು ಧೂಳು ಮಾತ್ರ.

ಕೇರಳ ಟೂರಿಸಂ ಇಲಾಖೆ ಹೋಂಸ್ಟೇಗಳಿಗೆ ವರ್ಗೀಕರಣ ಕೊಡ್ತದೆ, ಮನೆಯವರು ಅದೇ ಮನೆಯಲ್ಲಿ ವಾಸ ಇರ್ಬೇಕು ಅಂತ ನಿಯಮ, ಅದು ಒಳ್ಳೆ ನಿಯಮವೇ. ಆದ್ರೆ ಆ ಅರ್ಜಿ, ಆ ನಿಯಮ ಕನ್ನಡದಲ್ಲಿ ನಮ್ಮ ಪಂಚಾಯತ್ ಆಫೀಸಲ್ಲೇ ಸಿಗ್ಬೇಕು. ಕನ್ನಡ ಮೀಡಿಯಂ ಓದಿದ ಅರುವತ್ತು ದಾಟಿದ ಕೃಷಿಕರು ಮಲಯಾಳದ ಫಾರಂ ಹಿಡಿದು ಯಾರ ಹತ್ರ ಹೋಗುದು? ಪದವಿ ಮುಗಿಸಿ ಮನೆಯಲ್ಲಿ ಕೂತ ನಮ್ಮ ಮಕ್ಕಳು ತುಂಬಾ ಇದ್ದಾರೆ, ಕನ್ನಡ, ತುಳು, ಮಲಯಾಳ, ಇಂಗ್ಲಿಷು ನಾಲ್ಕೂ ಗೊತ್ತು, ಹಿಂದಿಯೂ ಬರ್ತದೆ, ಅವರಿಗೆ ಕೋಟೆಯ ಇತಿಹಾಸವನ್ನೂ ಸುರಂಗದ ಕೆಲಸವನ್ನೂ ಕಲಿಸಿ ಗೈಡ್ ಮಾಡಿದ್ರೆ ಆಯ್ತು. ಇಂಥ ಗೈಡು ಬೆಂಗಳೂರಿಂದ ತರಿಸ್ಲಿಕ್ಕೆ ಆಗುದಿಲ್ಲ.

ಇನ್ನೊಂದು ವಿಷಯ ಬರೆಯದಿದ್ರೆ ಈ ಪತ್ರ ಸರಿ ಆಗ್ಲಿಕ್ಕಿಲ್ಲ. ಎಣ್ಮಕಜೆ, ಪಡ್ರೆ ಅಂತ ದೂರದವರಿಗೆ ಗೊತ್ತಾದದ್ದು ಎಂಡೋಸಲ್ಫಾನ್ ಕೀಟನಾಶಕದಿಂದ. 1970ರ ದಶಕದ ಕೊನೆಯಿಂದ 2000ದ ವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಲ್ಲಿ ಬಿಟ್ಟ ವಿಷ ಅದು, ಅದೇ ಗುಡ್ಡದ ನೀರೇ ನಮ್ಮ ಸುರಂಗಕ್ಕೂ ಬರುದು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ನಿಷೇಧಿಸಿತು. ಆ ಮನೆಗಳಲ್ಲಿ ಇವತ್ತಿಗೂ ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳನ್ನು ಅಮ್ಮಂದಿರು ಎತ್ತಿ ಸಾಕ್ತಾ ಇದ್ದಾರೆ. ಟೂರಿಸಂ ಅಂತ ಬರುವವರು ಆ ಮನೆಗಳ ಎದುರು ಕ್ಯಾಮರಾ ಹಿಡಿದು ನಿಲ್ಲುವ ಹಾಗೆ ಆಗ್ಲೇಬಾರದು, ಗೈಡುಗಳಿಗೆ ಮೊದಲು ಕಲಿಸ್ಬೇಕಾದ್ದು ಇದು. ಕೇಳಿದವರಿಗೆ ನಡೆದದ್ದನ್ನು ನೇರ ಹೇಳಿ, ಮುಚ್ಚಿಡುವುದೂ ಬೇಡ. ಬಂದವರು ಕೊಟ್ಟದ್ದರಲ್ಲಿ ಒಂದು ಪಾಲು ಆ ಮನೆಗಳಿಗೆ ಹೋಗುವ ವ್ಯವಸ್ಥೆ ಆದ್ರೆ ನಮಗೆಲ್ಲ ಸಮಾಧಾನ.

ರೆಸಾರ್ಟು ಬೇಡ ಅಂತ ನಾನು ಹೇಳುದಿಲ್ಲ. ಬೇಕಲವನ್ನು ವಿಶೇಷ ಪ್ರವಾಸಿ ತಾಣ ಅಂತ 1992ರಲ್ಲಿ ಘೋಷಣೆ ಮಾಡಿ ಕಡಲ ಬದಿ ಅಷ್ಟೆಲ್ಲ ಆಗಿದೆ, ಅಲ್ಲಿ ಕೆಲಸ ಸಿಕ್ಕಿದ ನಮ್ಮ ಮಕ್ಕಳೂ ಇದ್ದಾರೆ. ಅಲ್ಲಿ ನಿಲ್ಲುವವರನ್ನೇ ಒಂದು ದಿನ ಈ ಕಡೆ ಕಳಿಸ್ಲಿ. ಬೆಳಿಗ್ಗೆ ಬೇಕಲ, ಮಧ್ಯಾಹ್ನಕ್ಕೆ ಮುಂಚೆ ಚಂದ್ರಗಿರಿ, ಎಡನೀರು, ಸಂಜೆ ಬದಿಯಡ್ಕ, ಪೆರ್ಲ ಕಡೆ ತೋಟದಲ್ಲಿ ಸುರಂಗ ನೋಡುದು, ರಾತ್ರಿ ಅಲ್ಲೇ, ಮರುದಿನ ಸೀತಾಂಗೋಳಿ ದಾರಿಯಲ್ಲಿ ಅನಂತಪುರ, ಆರಿಕ್ಕಾಡಿ ಕೋಟೆ, ಮಂಜೇಶ್ವರ ಮಾಡಿ ಮಂಗಳೂರಿಗೆ. ಹೊಸ ರಸ್ತೆ ಬೇಡ, ಇರುವ ರಸ್ತೆಯ ಹೊಂಡ ಮುಚ್ಚಿದ್ರೆ ಸಾಕು.

ಅಡಿಕೆಗೆ ಹಳದಿ ರೋಗ, ಎಲೆಚುಕ್ಕಿ, ಕೊಳೆ ಎಲ್ಲ ಒಟ್ಟಿಗೆ ಬಂದ ಕಾಲ ಇದು, ಅಡಿಕೆ ಒಂದನ್ನೇ ನಂಬಿ ಕೂತ್ರೆ ಮುಂದಿನವರು ತೋಟ ಮಾರಿ ಹೋಗ್ತಾರೆ, ಹೋದವರನ್ನು ಕಣ್ಣಾರೆ ನೋಡ್ತಾ ಇದ್ದೇನೆ. ಅದಕ್ಕೆ ಎಣ್ಮಕಜೆ, ಬದಿಯಡ್ಕ, ಕುಂಬ್ಡಾಜೆ, ಬೆಳ್ಳೂರು, ಪೈವಳಿಕೆ ಪಂಚಾಯತುಗಳು ಒಟ್ಟಿಗೆ ಕೂತು ಮೊದಲು ತಮ್ಮ ತಮ್ಮ ವಾರ್ಡಲ್ಲಿ ಎಷ್ಟು ಸುರಂಗದಲ್ಲಿ ಈಗಲೂ ನೀರು ಉಂಟು, ಯಾವ ಮನೆಯವರು ತೋರಿಸ್ಲಿಕ್ಕೆ ಒಪ್ತಾರೆ ಅಂತ ಒಂದು ಪಟ್ಟಿ ಮಾಡ್ಲಿ. ಈ ಮಳೆ ಕಳೆದು ಕಟ್ಟ ಹಾಕುವ ಹೊತ್ತಿಗೆ ಆ ಪಟ್ಟಿ ಆದ್ರೆ ಮುಂದಿನ ರಜೆಗೇ ನಾಲ್ಕೈದು ಮನೆಯಲ್ಲಿ ಶುರು ಮಾಡ್ಬಹುದು. ನಮ್ಮ ತೋಟದ ಸುರಂಗದಲ್ಲಿ ನೀರು ಉಂಟು, ಪಟ್ಟಿ ಮಾಡ್ಲಿಕ್ಕೆ ಬಂದವರಿಗೆ ಮೊದಲು ಅದನ್ನೇ ತೋರಿಸ್ತೇನೆ.

ಇತಿ,
ಒಬ್ಬ ಕೃಷಿಕ ಮಹಿಳೆ
ಪೆರ್ಲ, ಕಾಸರಗೋಡು ಜಿಲ್ಲೆ